ಬೀದಿಯುದ್ದದ ಹಗ್ಗ

ಬನ್ನಿ ಮಕ್ಕಳಾ, ಹತ್ತಿರ ಸರಿದು ಕೂತುಕೊಳ್ಳಿ. ಕಾಲು ಚಾಚೋರು ಚಾಚಿ, ಗೋಡೆಗೆ ಒರಗೋರು ಒರಗಿ, ನನ್ನದೇನೂ ಅಡ್ಡಿಯಿಲ್ಲ. ಕೈ ಮಾತ್ರ ತೊಡೆಯ ಮೇಲೆ ಸುಮ್ಮನಿರಲಿ. ಇದು ಕೈಗಳ ಕಥೆ. ಕೇಳುತ್ತಾ ಕೇಳುತ್ತಾ ನಿಮ್ಮ ಕೈ ನಿಮಗೆ ಕಾಣುತ್ತಿರಬೇಕು.

ಒಂದು ಊರಿತ್ತು. ಆ ಊರಿಗೆ ಇದ್ದದ್ದು ಒಂದೇ ಬೀದಿ. ಬೀದಿಯ ಮೇಲಿನ ತುದಿಗೆ ಒಂದು ಹುಣಸೆಮರ, ಕೆಳಗಿನ ತುದಿಗೆ ಒಂದು ಕಲ್ಲುಕಂಬ. ಮರದಿಂದ ಕಂಬದವರೆಗೆ, ಎಲ್ಲರ ಮನೆಬಾಗಿಲ ಮುಂದೆ, ಎದೆಯೆತ್ತರಕ್ಕೆ, ಬೀದಿಯುದ್ದಕ್ಕೂ ಒಂದು ಹಗ್ಗ. ಕತ್ತಾಳೆ ನಾರಿನ ಹಗ್ಗ. ಯಾರು ಹೊಸೆದರು, ಯಾವಾಗ ಕಟ್ಟಿದರು, ಒಬ್ಬರಿಗೂ ಗೊತ್ತಿಲ್ಲ. ಊರಿಗಿಂತ ಹಗ್ಗ ಮೊದಲು ಬಂತು ಅನ್ನೋರೂ ಇದ್ದರು. ಮರದ ಬುಡದಲ್ಲಿ ಹಗ್ಗ ಸುತ್ತಿದ ಮರದ ದಿಂಡು, ದಿಂಡಿಗೆ ಒಂದು ಹಿಡಿ, ಹಿಡಿಯ ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತಾ ಕೂತ ಒಬ್ಬ ಅಜ್ಜ. ಹಗ್ಗದಜ್ಜ ಅನ್ನುತ್ತಿದ್ದರು.

ಆ ಹಗ್ಗ ಯಾಕೆ ಅಂತೀರಾ? ಆ ಊರಿಗೊಂದು ವಿಚಿತ್ರ ಕಟ್ಟು ಇತ್ತು. ಬಾಯಲ್ಲಿ ಒಪ್ಪಿಕೊಂಡ ತಪ್ಪು ಆ ಊರಿನ ಕಿವಿಗೆ ಕೇಳುತ್ತಿರಲಿಲ್ಲ. "ಇದು ನಾನು ಮಾಡಿದ್ದು" ಅಂತ ಎಷ್ಟು ಕೂಗಿದರೂ ಎದುರಿನವರಿಗೆ ತುಟಿ ಅಲ್ಲಾಡಿದ್ದು ಕಾಣುತ್ತಿತ್ತು, ಅಷ್ಟೆ. ದನಿಯೇ ಇಲ್ಲ. ಹಾಗಾಗಿ ತಪ್ಪು ಮಾಡಿದವರು ಹುಣಸೆಮರದ ಕೆಳಗೆ ಹೋಗಿ ನಿಂತು, ಹಗ್ಗ ಹಿಡಿದು, ಮೇಲೆ ಕೆಳಗೆ ಆಡಿಸಬೇಕು. ತಪ್ಪಿಗೆ ಗುರಿಯಾದವರು ಕೆಳಗಿನ ಕಂಬದ ಹತ್ತಿರ ಹಗ್ಗದ ಮೇಲೆ ಅಂಗೈ ಇಟ್ಟು ನಿಲ್ಲಬೇಕು. ನಡುವೆ ಇಡೀ ಊರು ತಂತಮ್ಮ ಬಾಗಿಲಲ್ಲಿ ನಿಲ್ಲಬೇಕು. ಆಡಿಸಿದ ಹಗ್ಗದಲ್ಲಿ ಉಬ್ಬು ಏಳುತ್ತದಲ್ಲ, ಆ ಉಬ್ಬು ಯಾರ ಬಾಗಿಲಿಗೆ ಬಂತೋ ಅವರು ಬಲಗೈ ಎತ್ತಬೇಕು. ದಾಟಿ ಮುಂದಕ್ಕೆ ಹೋಯಿತೋ, ಕೈ ಇಳಿಸಬೇಕು.

ಆಮೇಲೆ ಎಲ್ಲರೂ ಕತ್ತು ಹೊರಳಿಸಿ ಬೀದಿ ನೋಡುತ್ತಿದ್ದರು. ಎತ್ತಿದ ಕೈಗಳು ಅಕ್ಕಪಕ್ಕದ ಮನೆಗಳಲ್ಲೇ ಇದ್ದರೆ ತಪ್ಪು ಚಿಕ್ಕದು. ಒಂದು ಎತ್ತಿದ ಕೈಗೂ ಇನ್ನೊಂದಕ್ಕೂ ನಡುವೆ ಸಾಲು ಮನೆ ಖಾಲಿ ಬಿದ್ದಿದ್ದರೆ ತಪ್ಪು ದೊಡ್ಡದು. ಯಾಕೆ ಹಾಗೆ ಅಂದರೆ, ಚಿಕ್ಕ ತಪ್ಪಿನವರ ಕೈ ಹಗುರ, ಚಟಚಟ ಆಡಿಸಿ ಮುಗಿಸುತ್ತಾರೆ. ದೊಡ್ಡ ತಪ್ಪಿನವರ ಕೈ ಭಾರ. ಏಳುವುದೇ ನಿಧಾನ, ಇಳಿಯುವುದೂ ನಿಧಾನ. ಅಲೆಯ ಅಗಲವೇ ತಪ್ಪಿನ ಅಗಲ ಅಂತ ಊರು ಓದಿಕೊಂಡಿತ್ತು.

ಒಮ್ಮೆ ಬಳೆಯವಳ ಮೇಕೆ ಗಾಣದವಳ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳವನ್ನೆಲ್ಲ ತಿಂದುಬಿಟ್ಟಿತು. ಬಳೆಯವಳು ಹಗ್ಗ ಹಿಡಿದು ಕುಣಿಸಿದಳು ನೋಡಿ, ಬಳೆಗಳೆಲ್ಲ ಝಲ್ಲೆಂದವು. ಮನೆ ಬಿಟ್ಟು ಮನೆಯಲ್ಲಿ ಕೈ ಎದ್ದವು. ಊರೆಲ್ಲ ನಕ್ಕಿತು. "ಮೇಕೆಗೆ ನಂಚಿಕೊಳ್ಳೋಕೆ ಉಪ್ಪಿನಕಾಯಿ ಕೊಡಲಿಲ್ಲವೇನೇ?" ಅಂತ ಗಾಣದವಳೇ ಕೂಗಿದಳು. ಅಲ್ಲಿಗೆ ಮುಗಿಯಿತು. ಆದರೆ ಅಗಲದ ಅಲೆ ಬಂದ ದಿನ ಹಾಗಲ್ಲ. ಆ ದಿನ ಊರಲ್ಲಿ ಯಾರೂ ಒಲೆ ಹಚ್ಚುತ್ತಿರಲಿಲ್ಲ.

ಈಗ ಆ ಊರಿನ ಹೆಪ್ಪಿನ ಮಾತು. ಊರಿಗೆಲ್ಲ ಒಂದೇ ಹೆಪ್ಪಿನ ಗಡಿಗೆ. ಸಂಜೆ ಆ ಗಡಿಗೆಯಿಂದ ಎಲ್ಲರೂ ಒಂದು ತೊಟ್ಟು ತೆಗೆದುಕೊಂಡು ಹೋಗಿ ಹಾಲಿಗೆ ಬಿಡಬೇಕು, ಬೆಳಗ್ಗೆ ಮನೆಮನೆಯಲ್ಲೂ ಮೊಸರು. ಗಡಿಗೆ ಇಟ್ಟುಕೊಂಡವಳ ಕೈಗುಣ ಇಡೀ ಊರಿನ ಕೈಗುಣ ಅಂತ ನಂಬಿಕೆ. ಕೂಸು ಹುಟ್ಟಿದರೆ ಮೊದಲು ಅವಳ ಕೈಗೆ, ಬೀಜ ಬಿತ್ತಿದರೆ ಮೊದಲ ಹಿಡಿ ಅವಳ ಕೈಯಿಂದ.

ಆ ಗಡಿಗೆ ಬಹಳ ಕಾಲದಿಂದ ಒಂದು ಮನೆಯ ಹಿರಿಸೊಸೆಯ ಹತ್ತಿರ ಇತ್ತು. ಅವಳಿಗೆ ಮಕ್ಕಳಿರಲಿಲ್ಲ, ಗಡಿಗೆ ಇತ್ತು. ಗಂಡನೂ ಮೈದುನನೂ ದನ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋದವರು, ಮಳೆ ಬಿದ್ದ ಮೇಲೇ ಬರುವವರು. ಮನೆಯಲ್ಲಿ ಅವಳು, ಅವಳ ವಾರಗಿತ್ತಿ ಕಿರಿಸೊಸೆ, ಇಬ್ಬರೇ. ಕಿರಿಸೊಸೆ ಬಸುರಿ. ನಗುಮುಖದವಳು, ಮುಟ್ಟಿದ್ದೆಲ್ಲ ಸಲೀಸು. ಒಂದು ದಿನ ಹಿರಿಸೊಸೆಗೆ ಜ್ವರ ಬಂದಾಗ ಅವಳು ಹೆಪ್ಪು ಹಂಚಿದಳು. ಮಾರನೆಯ ಬೆಳಗ್ಗೆ ಮೊಸರು ಹೇಗಿತ್ತೆಂದರೆ, ಪಾತ್ರೆ ಬೋರಲು ಹಾಕಿದರೂ ಬೀಳಲಿಲ್ಲವಂತೆ.

"ಎಂಥ ಕೈ ಇವಳದು!" ಅಂದಳು ಗಾಣದವಳು.

"ಇನ್ನು ಗಡಿಗೆ ಕಿರಿಯಳಿಗೇ ಕೊಡೋಣ. ಹಿರಿಯಳಿಗೂ ದಣಿವಾಗಿದೆ," ಅಂದಳು ಬಳೆಯವಳು.

ಹಿರಿಸೊಸೆ ಹೂಂ ಅಂದಳು. ನಗುತ್ತಲೇ ಅಂದಳು. ಗಡಿಗೆ ಕೊಡುವ ದಿನ ಮುಂಜಾನೆ ಎದ್ದು, ಒಲೆಯ ಮೇಲೆ ಹಾಲು ಕುದಿಸಿ, ಕುದಿಕುದಿಯುವ ಹಾಲನ್ನು ಹೆಪ್ಪಿನ ಗಡಿಗೆಯ ಅಂಚಿನಿಂದ ಒಳಕ್ಕೆ ಹುಯ್ದಳು. ಬಿಳಿಯೊಳಗೆ ಬಿಳಿ ಬೆರೆಯಿತು. ಮೇಲೆ ಏನೂ ಕಾಣಲಿಲ್ಲ. ಒಳಗೆ ಎಷ್ಟೋ ತಲೆಮಾರಿನ ಜೀವ ಸುಟ್ಟುಹೋಯಿತು. ಆರುವವರೆಗೂ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆರಿದ ಮೇಲೆ ಅರಿಸಿನ ಕುಂಕುಮ ಹಚ್ಚಿ ಕಿರಿಸೊಸೆಯ ಕೈಗೆ ಕೊಟ್ಟಳು.

ಮಾರನೆಯ ದಿನ ಯಾರ ಮನೆಯಲ್ಲೂ ಹಾಲು ಹೆಪ್ಪಾಗಲಿಲ್ಲ. ಅದರ ಮಾರನೆಯ ದಿನ ವಾಸನೆ ಬಂತು.

ಊರು ಸುಮ್ಮನಿರುತ್ತದೆಯೆ? ಕೈಗುಣ ಕೆಟ್ಟದ್ದು ಅಂದಿತು. ಮೊದಲ ಸಲ ಹೆಪ್ಪಾದದ್ದು ಹಿರಿಯಳ ಗಡಿಗೆಯ ಪುಣ್ಯ ಅಂದಿತು. ಕೆಟ್ಟ ಕೈ ಬರಿದಾಗಿರಬಾರದು, ಹಾಲಿಗೆ ತಗುಲಬಾರದು, ಬೀಜಕ್ಕೆ ತಗುಲಬಾರದು, ಹಸುಗೂಸಿಗಂತೂ ತಗುಲಲೇಬಾರದು ಅಂದಿತು. ಬಿಳಿಬಟ್ಟೆ ತಂದು ಕಿರಿಸೊಸೆಯ ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಸುತ್ತಿದರು. ಮನೆಯ ಹಿರಿಯಳೇ ಗಂಟು ಹಾಕಬೇಕು ಅಂದರು. ಹಿರಿಸೊಸೆ ಗಂಟು ಹಾಕಿದಳು. ಆಮೇಲೆ ಒಳಗೆ ಹೋಗಿ, ಹೆಪ್ಪಿನಲ್ಲಿ ಅದ್ದಿ ಒಣಗಿಸಿ ಮೊದಲೇ ಬಚ್ಚಿಟ್ಟಿದ್ದ ಬಟ್ಟೆಯ ಚೂರನ್ನು ತಂದು, "ಇದೊಂದು ಉಳಿದಿತ್ತು," ಅಂದಳು. ಅದನ್ನು ಉಗುರುಬೆಚ್ಚನೆಯ ಹಾಲಲ್ಲಿ ನೆನೆಸಿ ಹೆಪ್ಪು ಎಬ್ಬಿಸಿದಳು. ಊರು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡಿತು. ಗಡಿಗೆ ಅವಳ ಕೈಗೇ ವಾಪಸು ಬಂತು.

ಕೈ ಸುತ್ತಿದವಳು ಉಣ್ಣುವುದು ಹೇಗೆ ಹೇಳಿ? ಹಿರಿಸೊಸೆಯೇ ತುತ್ತು ಮಾಡಿ ಬಾಯಿಗಿಡಬೇಕು. ಬೆಳಗ್ಗೆ ಅಂಬಲಿ, ಮಧ್ಯಾಹ್ನ ಮುದ್ದೆ, ಸಂಜೆ ಮತ್ತೆ ಅಂಬಲಿ. ಎದುರುಬದುರು ಕೂತು ತುತ್ತು ಇಡುವಾಗ ಕಿರಿಸೊಸೆ ಕಣ್ಣೆತ್ತಿ ನೋಡುವಳು. ಆ ಕಣ್ಣಲ್ಲಿ ಸಿಟ್ಟಿದ್ದರೆ ಹಿರಿಸೊಸೆ ತಾಳಿಕೊಳ್ಳುತ್ತಿದ್ದಳೋ ಏನೋ. ಸಿಟ್ಟಿರಲಿಲ್ಲ, ನಾಚಿಕೆ ಇತ್ತು.

"ಅಕ್ಕಾ, ನನ್ನ ಕೈ ಇಂಥದ್ದು ಅಂತ ನನಗೇ ಗೊತ್ತಿರಲಿಲ್ಲ ನೋಡು," ಅನ್ನುವಳು. "ಊರಿನ ಹೆಪ್ಪು ಕೆಡಿಸಿಬಿಟ್ಟೆ. ನಿನಗೂ ಈ ಚಾಕರಿ ತಂದಿಟ್ಟೆ."

ಒಂದು ದಿನ ಹಿರಿಸೊಸೆಗೆ ತಡೆಯಲಾಗಲಿಲ್ಲ. ತುತ್ತು ಕೈಯಲ್ಲೇ ಹಿಡಿದು, "ನೀನಲ್ಲ ಕಣೆ, ನಾನು! ಕುದಿಯೋ ಹಾಲು ಹುಯ್ದವಳು ನಾನು!" ಅಂದಳು. ತುಟಿ ಅಲ್ಲಾಡಿತು. ದನಿ ಬರಲಿಲ್ಲ. ಕಿರಿಸೊಸೆ ನೋಡುತ್ತಿದ್ದವಳು ಕಿಲಕಿಲ ನಕ್ಕಳು.

"ಅಯ್ಯೋ ಅಕ್ಕಾ, ಮಗೂಗೆ ಉಣಿಸೋರ ಥರ ನೀನೂ ಬಾಯಿ ಆಡಿಸ್ತೀಯಲ್ಲ! ತಗೋ, ಆ ಅಂತೀನಿ," ಅಂತ ಬಾಯಿ ತೆರೆದಳು. ಹಿರಿಸೊಸೆ ಆ ಬಾಯಿಗೆ ತುತ್ತಿಟ್ಟಳು.

ಇನ್ನು ಹಗ್ಗವೇ ಗತಿ ಅಂತ ಅವಳಿಗೆ ಗೊತ್ತಾಯಿತು. ಆದರೆ ಹಗ್ಗ ಅಂದರೆ ಸುಮ್ಮನೆಯೆ? ಇಡೀ ಬೀದಿ ಕತ್ತು ಹೊರಳಿಸಿ ನೋಡುತ್ತದೆ. ಉಬ್ಬು ಬಾಗಿಲು ಬಾಗಿಲು ದಾಟಿ, ತುಂಬುಗಬ್ಬದ ಎಮ್ಮೆಯ ಹಾಗೆ ಹೆಜ್ಜೆ ಹೆಜ್ಜೆಗೆ ತೂಗುತ್ತಾ ಹೋಗುತ್ತದೆ. ಅಷ್ಟು ಹೊತ್ತೂ ಮರದ ಕೆಳಗೆ ಮುಖವಿಟ್ಟುಕೊಂಡು ನಿಂತಿರಬೇಕು. ಆ ಹೊತ್ತು ನೆನೆದರೇ ಅವಳಿಗೆ ಬೆವರು. ಕೊನೆಗೆ ಅವಳು ತನಗೆ ತಾನೇ ಹೇಳಿಕೊಂಡದ್ದೇನು ಗೊತ್ತೆ? ಬೇಗ ಬೇಗ ಆಡಿಸಿದರೆ ಬೇಗ ಬೇಗ ಹೋಗುತ್ತದೆ. ಓಡಿಸಿಬಿಟ್ಟರೆ ಆಯಿತು.

ಅವಳು ಹಗ್ಗ ಹಿಡಿದಳು ಅಂತ ಅಜ್ಜ ಮರಕ್ಕೆ ಕಟ್ಟಿದ್ದ ಗಂಟೆ ಬಾರಿಸಿದ. ಜನ ಬಾಗಿಲಿಗೆ ಬಂದರು. ಮನೆಯಲ್ಲಿರುವವಳು ತಾನೊಬ್ಬಳೇ, ಈ ಒಪ್ಪಿಗೆ ತನಗೇ ಇರಬೇಕು ಅಂತ ತಿಳಿದು ಕಿರಿಸೊಸೆ ಕಂಬದ ಹತ್ತಿರ ಹೋಗಿ, ಸುತ್ತಿದ ಕೈಗಳನ್ನು ಹಗ್ಗದ ಮೇಲಿಟ್ಟಳು. ಹಿರಿಸೊಸೆ ಕಣ್ಣುಮುಚ್ಚಿ, ಮಜ್ಜಿಗೆ ಕಡೆಯುವ ರಭಸದಲ್ಲಿ ಹಗ್ಗ ಆಡಿಸಿದಳು. ಸರಸರ, ಸರಸರ, ಸರಸರ.

ಕಣ್ಣು ಬಿಟ್ಟು ನೋಡುತ್ತಾಳೆ, ಮೊದಲ ಉಬ್ಬು ಎಂದಿನ ಎಮ್ಮೆ ನಡಿಗೆಯಲ್ಲೇ ಹೋಗುತ್ತಿದೆ! ಬೇಗ ಆಡಿಸಿದ್ದಕ್ಕೆ ಅದೊಂದು ಹೆಜ್ಜೆಯನ್ನೂ ಬೇಗ ಇಟ್ಟಿಲ್ಲ. ಹಿಂದಿನ ಉಬ್ಬು ಮುಂದಿನದನ್ನು ತಳ್ಳುತ್ತಿರಲಿಲ್ಲ. ಹಿಂದೆ ಹಿಂದೆ ಒತ್ತಿಕೊಂಡು ನಿಲ್ಲುತ್ತಿತ್ತು, ಅಷ್ಟೆ. ಅವಸರವೆಲ್ಲ ಇಕ್ಕಟ್ಟಾಯಿತೇ ಹೊರತು ಓಟ ಆಗಲಿಲ್ಲ. ಬಾಗಿಲ ಪಕ್ಕದ ಬಾಗಿಲು, ಅದರ ಪಕ್ಕದ ಬಾಗಿಲು, ಮನೆಮನೆಗೂ ಕೈ ಎದ್ದವು.

ಬೀದಿ ಒಂದು ಗಳಿಗೆ ನೋಡಿತು. ಆಮೇಲೆ ಘೊಳ್ಳೆಂದಿತು.

"ಏನಮ್ಮಾ ತಾಯಿ, ಸಾರಿಗೆ ಉಪ್ಪು ಹೆಚ್ಚಾಯಿತೆ?" ಅಂತ ಗಾಣದವಳು ಕೂಗಿದಳು.

"ಬಸುರಿ ಬಯಕೆಗೆ ಮಾವಿನಕಾಯಿ ಕೊಡಲಿಲ್ಲವೇನೋ," ಅಂದಳು ಬಳೆಯವಳು. "ಇಂಥ ಒಳ್ಳೆಯವರು ಇಷ್ಟಿಷ್ಟಕ್ಕೆಲ್ಲ ಹಗ್ಗ ಹಿಡಿದರೆ ನಮ್ಮಂಥೋರು ಹಗ್ಗ ಬಿಡೋದು ಯಾವಾಗ!"

ಕಿರಿಸೊಸೆ ಹೊಟ್ಟೆ ಹೊತ್ತುಕೊಂಡು ಬೀದಿ ಏರಿ ಬಂದಳು. ಏದುಸಿರು ಬಿಡುತ್ತಾ ನಗುತ್ತಿದ್ದಳು. "ಅಕ್ಕಾ, ಮೊನ್ನೆ ಅಂಬಲಿ ಬಿಸಿಯಾಗಿ ನನ್ನ ನಾಲಗೆ ಸುಟ್ಟಿತಲ್ಲ, ಅದಕ್ಕೇನಾ? ಅಷ್ಟಕ್ಕೆ ಯಾರಾದರೂ ಹಗ್ಗ ಹಿಡೀತಾರಾ?"

ಬೀದಿಯೆಲ್ಲ ಹಿರಿಸೊಸೆಯ ಮುಖ ನೋಡುತ್ತಿತ್ತು. ಎಲ್ಲರ ಮುಖದಲ್ಲೂ ಅಕ್ಕರೆ.

"ಹೂಂ," ಅಂದಳು ಹಿರಿಸೊಸೆ.

ನೋಡಿ ಮಕ್ಕಳಾ, ತಪ್ಪು ಒಪ್ಪಿಕೊಂಡರೆ ದನಿ ಬರದ ಊರಲ್ಲಿ ಆ ಹೂಂ ಎಲ್ಲರಿಗೂ ಸ್ಪಷ್ಟ ಕೇಳಿಸಿತು. ಯಾಕೆಂದರೆ ಅದು ಸುಳ್ಳಾಗಿತ್ತು. ಹಾಲು ಹುಯ್ದದ್ದು ಒಂದು ತಪ್ಪು. ಈ ಹೂಂ ಅದರ ಮೇಲಿನ ತಪ್ಪು. ಅವತ್ತಿನಿಂದ ಅವಳು ತನ್ನ ಕೈ ತಾನು ನೋಡಿಕೊಳ್ಳುವುದನ್ನೇ ಬಿಟ್ಟಳು. ತುತ್ತು ಇಡುವಾಗಲೂ ಬೇರೆಲ್ಲೋ ನೋಡುತ್ತಾ ಇಡುತ್ತಿದ್ದಳು, ತುತ್ತು ಒಮ್ಮೊಮ್ಮೆ ಕಿರಿಸೊಸೆಯ ಗಲ್ಲಕ್ಕೆ ತಗುಲುತ್ತಿತ್ತು.

ದಿನ ತುಂಬುತ್ತಾ ಬಂತು. ಊರು ಸೇರಿ ಮಾತಾಡಿತು. ಕೆಟ್ಟ ಕೈಯ ತಾಯಿ ಕೂಸನ್ನು ಎತ್ತಬಾರದು. ಹುಟ್ಟಿದ ಕೂಸನ್ನು ಹಿರಿಯಳ ಮಡಿಲಿಗೇ ಹಾಕುವುದು, ಅವಳೇ ಸಾಕುವುದು. ಒಳ್ಳೆಯ ದಿನ ನೋಡಿ ಹಿರಿಸೊಸೆಗೆ ಮಡಿಲು ತುಂಬಲು ಬಂದರು. ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು. ಎಲ್ಲರ ಹಿಂದೆ ಕಿರಿಸೊಸೆ ಬಂದಳು. ಮೊಣಕೈಗಳ ನಡುವೆ ಒಂದು ಪುಟ್ಟ ಕೌದಿ ಅವಚಿಕೊಂಡಿದ್ದಳು. ಕೈ ಸುತ್ತುವ ಮೊದಲು ಹೊಲಿಯುತ್ತಿದ್ದ ಕೌದಿ, ಅರ್ಧಕ್ಕೇ ನಿಂತದ್ದು.

"ಮಿಕ್ಕಿದ್ದು ನೀನೇ ಹೊಲಿದುಕೋ ಅಕ್ಕಾ," ಅಂದಳು. "ನಿನ್ನ ಕೈಯಲ್ಲೇ ಬೆಳೀಲಿ. ನಾನು ಬಾಗಿಲಲ್ಲಿ ನಿಂತು ನೋಡ್ತೀನಿ. ನೋಡೋಕೆ ದೋಷ ಇಲ್ಲ, ಅಲ್ವಾ?"

ಹಿರಿಸೊಸೆಯ ಮಡಿಲಲ್ಲಿದ್ದ ಅಕ್ಕಿ ನೆಲಕ್ಕೆ ಸುರಿಯಿತು.

ಇಷ್ಟಾದ ಮೇಲೆ ಅವಳು ಹೋಗಿ ನಿಜ ಹೇಳಿದಳು ಅಂತ ನಾನು ಹೇಳಿದರೆ ನಿಮಗೂ ಹಿತ, ನನಗೂ ಹಿತ. ಆದರೆ ಮನುಷ್ಯರ ಮನಸ್ಸು ಅಷ್ಟು ನೆಟ್ಟಗಿರುವುದಿಲ್ಲ. ಅವಳು ಹೇಳಲೂ ಬೇಕು, ಹೇಳದೆಯೂ ಇರಬೇಕು ಅಂತ ದಾರಿ ಹುಡುಕಿದಳು. ಹೋದ ಸಲದ ಕೈಯನ್ನೇ ಆಡಿಸುವುದು, ಹಗ್ಗವನ್ನು ಮಾತ್ರ ಓಡುವ ಹಗ್ಗ ಮಾಡಿಸುವುದು. ಕಣ್ಣು ಮಿಟುಕಿಸುವುದರೊಳಗೆ ಅಲೆ ಬೀದಿ ದಾಟಿಬಿಡುತ್ತದೆ. ಊರು ಮತ್ತೆ ಉಪ್ಪು ಹೆಚ್ಚಾಯಿತೆ ಅಂತ ನಗುತ್ತದೆ. ತನಗೆ ಮಾತ್ರ ತಾನು ಹಗ್ಗ ಹಿಡಿದು ಒಪ್ಪಿಕೊಂಡೆ ಅನ್ನುವ ಸಮಾಧಾನ ಇರುತ್ತದೆ. ಆ ಸಮಾಧಾನದಲ್ಲಿ ಕೂಸನ್ನು ಎತ್ತಿಕೊಳ್ಳಬಹುದು.

ಬಿಸಿಲಲ್ಲಿ ಹುಣಸೆಮರದ ಕೆಳಗೆ ಹೋದಳು. "ಅಜ್ಜಾ, ಹಗ್ಗ ಜೋತುಬಿದ್ದಿದೆ. ಊರಿಗೆ ಶೋಭೆಯಲ್ಲ. ಸ್ವಲ್ಪ ಬಿಗಿ ಮಾಡು."

ಅಜ್ಜ ಎಲೆಯಡಿಕೆ ಉಗಿದ. "ಮೊಸರಿನ ಚಿಂತೆ ಬಿಟ್ಟು ನಿನಗ್ಯಾಕಮ್ಮ ಹಗ್ಗದ ಚಿಂತೆ?"

"ಬಿಗಿ ಮಾಡಿದರೆ ಅಲೆ ಓಡ್ತದೆ, ಅಲ್ವಾ?"

"ಓಡ್ತದೆ. ನಡಿಗೆ ಹಗ್ಗದ್ದು, ಆಡಿಸೋರದ್ದಲ್ಲ. ಸಡಿಲ ಬಿಟ್ಟರೆ ತೆವಳ್ತದೆ, ಬಿಗಿದರೆ ಓಡ್ತದೆ. ಆದರೆ ತಾಯಿ, ಓಡೋದು ನಿನ್ನ ಕೈಗೋಸ್ಕರ ಕಾಯೋದಿಲ್ಲ. ಆಮೇಲೆ ನನ್ನ ಬೈಬೇಡ."

ಅವಳಿಗೆ ಓಡುತ್ತದೆ ಅನ್ನುವುದಷ್ಟೇ ಕೇಳಿಸಿತು. ಅಜ್ಜ ಹಿಡಿ ತಿರುವಿದ. ದಿಂಡು ಕಿರುಗುಟ್ಟಿತು. ಜೋತಿದ್ದ ಹಗ್ಗ ಬಾಗಿಲು ಬಾಗಿಲಿಗೂ ಎದ್ದು ನೆಟ್ಟಗಾಯಿತು. ಬೆರಳಲ್ಲಿ ಮುಟ್ಟಿದರೆ ಗುಂಯ್ ಅನ್ನುತ್ತಿತ್ತು.

ಅಜ್ಜ ಗಂಟೆ ಬಾರಿಸಿದ. "ಮತ್ತೆ ಇವಳೇ!" ಅಂತ ನಗುತ್ತಾ ಜನ ಬಾಗಿಲಿಗೆ ಬಂದರು. ಕಿರಿಸೊಸೆ ಬಿಳಿಬಟ್ಟೆಯ ಕೈಗಳನ್ನು ಕಂಬದ ಹತ್ತಿರ ಹಗ್ಗದ ಮೇಲಿಟ್ಟಳು. ಹಿರಿಸೊಸೆ ಅದೇ ಮಜ್ಜಿಗೆ ಕಡೆಯುವ ಕೈ ಶುರುಮಾಡಿದಳು. ಅದೇ ರಭಸ. ಒಂದು ಎಳೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸರಸರ, ಸರಸರ.

ಅಲೆ ಓಡಿತು. ಅವಳು ಬಯಸಿದ ಹಾಗೇ ಓಡಿತು, ಬೇಲಿ ಹಾರಿದ ಕರುವಿನ ಹಾಗೆ. ಆದರೆ ಅವಳ ಕೈ ಇಳಿದು ಎರಡನೆಯ ಉಬ್ಬು ಎಬ್ಬಿಸುವಷ್ಟರಲ್ಲಿ ಮೊದಲನೆಯದು ಎಷ್ಟೋ ಬಾಗಿಲು ದಾಟಿ ಹೋಗಿತ್ತು. ಮೂರನೆಯದು ಏಳುವಷ್ಟರಲ್ಲಿ ಎರಡನೆಯದೂ ಅಷ್ಟೇ ದೂರ ಹೋಗಿತ್ತು. ಹೋದ ಸಲ ಒತ್ತಿಕೊಂಡು ನಿಂತಿದ್ದ ಉಬ್ಬುಗಳು ಈಗ ಒಂದರಿಂದ ಒಂದು ದೂರ ದೂರ. ಕೈ ಅದೇ ಇತ್ತು. ಓಟ ಹೆಚ್ಚಿತ್ತು. ಹೆಚ್ಚಿದ ಓಟವೆಲ್ಲ ಉಬ್ಬು ಉಬ್ಬಿನ ನಡುವಿನ ಬಯಲಾಗಿ ಹಿಗ್ಗಿತ್ತು.

ಬಳೆಯವಳ ಬಾಗಿಲಲ್ಲಿ ಒಂದು ಕೈ ಎದ್ದಿತು. ಆಮೇಲೆ ಮನೆ, ಮನೆ, ಮನೆ, ಎಲ್ಲಿಯೂ ಕೈಯಿಲ್ಲ. ಎಲ್ಲೋ ದೂರದಲ್ಲಿ ಗಾಣದವಳ ಕೈ.

ನಗು ಅರ್ಧಕ್ಕೆ ನಿಂತಿತು. ಎತ್ತಿದ ಕೈಗಳನ್ನು ಇಳಿಸುವುದನ್ನೇ ಜನ ಮರೆತರು. ಬೀದಿಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಬಳೆಯವಳೇ, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಕೂಗಿದಳು: "ಹಗ್ಗ ಬಿಗಿಯಾಗಿದೆ, ಅದಕ್ಕೇ ಹಿಂಗೆ! ಇನ್ನೂ ಚುರುಕಾಗಿ ಆಡಿಸಮ್ಮಾ, ಹತ್ತಿರ ಹತ್ತಿರ ಬರ್ತದೆ!"

ಅದು ನಿಜವೇ. ಹಿರಿಸೊಸೆಗೂ ಗೊತ್ತಿತ್ತು, ಅವಳ ಮಣಿಕಟ್ಟಿಗೂ ಗೊತ್ತಿತ್ತು. ಓಟ ಎಷ್ಟು ಹೆಚ್ಚಿದೆಯೋ ಕೈಯನ್ನೂ ಅಷ್ಟೇ ಹೆಚ್ಚಿಸಿದರೆ ಬಯಲು ಮುಚ್ಚಿಹೋಗುತ್ತದೆ. ಕೈ ಮತ್ತೆ ಮನೆಮನೆಗೂ ಏಳುತ್ತವೆ. ಊರು ಮತ್ತೆ ನಗುತ್ತದೆ. ಸಂಜೆಗೆ ಹೆಪ್ಪು ಹಂಚಬಹುದು. ಕೂಸು ಮಡಿಲಿಗೆ ಬರುತ್ತದೆ. ಇಡೀ ಬೀದಿ ಅವಳಿಗೆ ದಾರಿ ಬಿಟ್ಟು ನಿಂತಿತ್ತು. ಮಾಡಬೇಕಾದ್ದು ಇಷ್ಟೇ, ಕೈ ಚುರುಕು ಮಾಡಬೇಕು.

ಬೀದಿಯ ಕೊನೆಗೆ ನೋಡಿದಳು. ಕಂಬದ ಪಕ್ಕದಲ್ಲಿ ಸುತ್ತಿದ ಆ ಎರಡು ಬಿಳಿ ಕೈಗಳು ಹಗ್ಗದ ಮೇಲೆ ಕೂತಿದ್ದವು. ಅವು ಕಾಯುತ್ತಿದ್ದವು. ಏನು ಬಂದರೂ ಒಳ್ಳೆಯದೇ ಬರುತ್ತದೆ ಅಂತ ನಂಬಿ ಕಾಯುತ್ತಿದ್ದವು.

ಹಿರಿಸೊಸೆಯ ಕೈ ನಿಧಾನವಾಯಿತು.

ಇನ್ನೂ ನಿಧಾನವಾಯಿತು. ನಡುವಿನ ಬಯಲು ಹಿಗ್ಗಿತು. ಎರಡು ಕೈ ಎದ್ದಿದ್ದ ಬೀದಿಯಲ್ಲಿ ಒಂದೇ ಕೈ ಉಳಿಯಿತು. ಅವಳು ಹಗ್ಗವನ್ನು ನೆತ್ತಿಯ ಮೇಲಕ್ಕೆ ಎತ್ತಿದಳು, ಉಸಿರು ಬಿಟ್ಟಳು, ಇಳಿಸಿದಳು. ಮತ್ತೆ ಎತ್ತಲಿಲ್ಲ. ಒಂದೇ ಉಬ್ಬು. ಬೀದಿಯಷ್ಟು ಅಗಲದ ಅಲೆ. ಬಾಗಿಲು ಬಾಗಿಲಿಗೂ ಒಂದು ಕೈ ಏಳುತ್ತಿತ್ತು, ಅದು ಇಳಿದ ಮೇಲೆ ಮುಂದಿನದು. ಬೀದಿಯಲ್ಲಿ ಒಂಟಿ ಕೈಯೊಂದು ನಡೆದುಹೋಗುತ್ತಿರುವ ಹಾಗೆ. ಆ ಊರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಕಂಡದ್ದರ ಅರ್ಥ ಮಾತ್ರ ಎಲ್ಲರಿಗೂ ಆಯಿತು. ಕಣ್ಣು ತೆರೆದು, ತಿಳಿದು ತಿಳಿದು ಮಾಡಿದ ತಪ್ಪು.

ಉಬ್ಬು ಕೊನೆಯ ಬಾಗಿಲು ದಾಟಿ ಕಂಬದ ಹತ್ತಿರ ಬಂತು. ಬಟ್ಟೆ ಸುತ್ತಿದ ಕೈ ಮೆಲ್ಲಗೆ ಮೇಲೆದ್ದಿತು.

ಅಲೆ ಕಂಬಕ್ಕೆ ಬಡಿಯಿತು, ತಿರುಗಿತು. ಹೋಗುವಾಗ ಉಬ್ಬಾಗಿದ್ದದ್ದು ಬರುವಾಗ ತಗ್ಗಾಗಿ ಬಂತು. ಆ ತಗ್ಗು ದಾಟಿದ ಬಾಗಿಲಲ್ಲೆಲ್ಲ ಜನ ತಲೆ ತಗ್ಗಿಸಿದರು. ಮರದ ಕೆಳಗೆ ಬಂದು ಅದು ಹಿರಿಸೊಸೆಯ ಕೈಯನ್ನು ಕೆಳಕ್ಕೆ ಎಳೆಯಿತು. ಅವಳು ಮಣ್ಣಿನಲ್ಲಿ ಕುಸಿದು ಕೂತಳು.

ಹಗ್ಗ ಒಪ್ಪಿದ ಮೇಲೆ ಆ ಊರಲ್ಲಿ ಬಾಯಿಗೂ ದನಿ ಬರುತ್ತಿತ್ತು. ಕಿರಿಸೊಸೆ ಬೀದಿ ಏರಿ ಬಂದು ಎದುರು ನಿಂತಾಗ ಹಿರಿಸೊಸೆ ನೆಲ ನೋಡಿಕೊಂಡೇ ಹೇಳಿದಳು. "ನಾನೇ ಕಣೆ. ಗಡಿಗೆಗೆ ಕುದಿಯೋ ಹಾಲು ಹುಯ್ದೆ. ನಿನ್ನ ಕೈಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ."

ಕಿರಿಸೊಸೆಯ ಮುಖದ ನಗು ಹೋಗಿತ್ತು. ಅದು ಹೋದದ್ದನ್ನು ಎಲ್ಲರೂ ನೋಡಿದರು. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿದಳು.

"ಗಂಟು ಬಿಚ್ಚು," ಅಂದಳು. ಅಕ್ಕಾ ಅನ್ನಲಿಲ್ಲ.

ತಾನೇ ಹಾಕಿದ ಗಂಟು, ಬಿಗಿದು ಬಿಗಿದು ಕಲ್ಲಾಗಿತ್ತು. ಉಗುರು ಮುರಿಯಿತು, ಹಲ್ಲು ಹಾಕಿದಳು, ಕೊನೆಗೆ ಬಿಚ್ಚಿತು. ಸುತ್ತು ಸುತ್ತಾಗಿ ಬಟ್ಟೆ ಕಳಚಿ ಬಿತ್ತು. ಒಳಗೆ ಕೈಗಳು ಕಲ್ಲಿನಡಿಯ ಹುಲ್ಲಿನ ಹಾಗೆ ಬಿಳಿಚಿಕೊಂಡಿದ್ದವು. ನೀರಲ್ಲಿ ನೆಂದ ಹಾಗೆ ಸುಕ್ಕಾಗಿದ್ದವು. ಬೆರಳು ಮಡಿಸುವುದು ಅವಕ್ಕೆ ಮರೆತುಹೋಗಿತ್ತು. ಇಡೀ ಊರು ಅಲ್ಲೇ ನಿಂತಿತ್ತು. ಆ ಕೈ ನೋಡುವ ಧೈರ್ಯ ಒಬ್ಬರಿಗೂ ಆಗಲಿಲ್ಲ. ಬಟ್ಟೆ ಕೊಟ್ಟವಳು ಗಾಣದವಳು. ಕೂಸಿಗೆ ತಗುಲಬಾರದು ಅಂದವಳು ಬಳೆಯವಳು. ಹೌದು ಹೌದು ಅಂದವರು ಉಳಿದವರೆಲ್ಲ.

ಆ ದಿನ ಊರಲ್ಲಿ ಯಾರೂ ಒಲೆ ಹಚ್ಚಲಿಲ್ಲ.

ಆಮೇಲೆ ಯಾರು ಏನಾದರು ಅಂತ ಕೇಳುತ್ತೀರಲ್ಲ, ಹೇಳುತ್ತೀನಿ.

ಗಾಣದವಳು ಮೊದಲು ಹಗ್ಗ ಹಿಡಿದಳು, ಆಮೇಲೆ ಬಳೆಯವಳು, ಆಮೇಲೆ ಒಬ್ಬೊಬ್ಬರಾಗಿ ಇಡೀ ಬೀದಿ. ಎಷ್ಟೋ ಕಾಲ ಆ ಹಗ್ಗ ನಿಲ್ಲಲೇ ಇಲ್ಲವಂತೆ. ಕಂಬದ ಹತ್ತಿರ ನಿಂತು ನಿಂತು ಕಿರಿಸೊಸೆಗೆ ಬೇಸರವಾಗಿ, "ಸಾಕು, ನನಗೆ ಮನೆಯಲ್ಲಿ ಕೆಲಸ ಇದೆ," ಅಂತ ಒಳಗೆ ಹೋದಳಂತೆ.

ಹಗ್ಗದಜ್ಜ ಬಿಗಿದ ಹಗ್ಗವನ್ನು ಸಡಿಲ ಬಿಡಲಿಲ್ಲ. ಯಾರಾದರೂ ಬಂದು "ಸ್ವಲ್ಪ ಸಡಿಲಿಸಜ್ಜಾ," "ಸ್ವಲ್ಪ ಎಳೆಯಜ್ಜಾ" ಅಂದರೆ, "ಹಗ್ಗ ನನ್ನದು, ಕೈ ನಿಮ್ಮದು. ನಡುವಿನ ಅಗಲ ಕದಿಯೋಕೆ ಇಬ್ಬರ ಕೈಲೂ ಆಗಲ್ಲ," ಅನ್ನುತ್ತಿದ್ದ. ಎಲೆಯಡಿಕೆ ಜಗಿಯುತ್ತಲೇ ಒಂದು ಮಧ್ಯಾಹ್ನ ಮರಕ್ಕೊರಗಿ ಹೋಗಿಬಿಟ್ಟ.

ಹೆಪ್ಪಿನ ಗಡಿಗೆಯನ್ನು ಕಿರಿಸೊಸೆ ಮುಟ್ಟಲೊಲ್ಲೆ ಅಂದಳು. ಅದನ್ನು ಬೀದಿಯ ನಡುವೆ ಕಟ್ಟೆ ಕಟ್ಟಿ ಇಟ್ಟರು. ಯಾರ ಕೈಯೂ ಒಳ್ಳೆಯದಲ್ಲ, ಯಾರ ಕೈಯೂ ಕೆಟ್ಟದ್ದಲ್ಲ ಅಂತ ಆಯಿತು. ಮೊಸರು ಒಂದು ದಿನ ಗಟ್ಟಿ, ಒಂದು ದಿನ ತೆಳು. ಜನ ಉಂಡರು.

ಕೂಸು ಹುಟ್ಟಿತು, ಹೆಣ್ಣು. ಕಿರಿಸೊಸೆ ಬರಿಗೈಯಲ್ಲಿ ಎತ್ತಿಕೊಂಡಳು. ಬೆರಳು ಇನ್ನೂ ಸರಿಯಾಗಿ ಮಡಚಿಕೊಳ್ಳುತ್ತಿರಲಿಲ್ಲ, ಆದರೂ ಯಾರಿಗೂ ಕೊಡಲಿಲ್ಲ. ಅರ್ಧದ ಕೌದಿಯನ್ನು ತಾನೇ ಹೊಲಿದು ಮುಗಿಸಿದಳು. ಆ ಮಗಳು ಬೆಳೆದು ಹಗ್ಗ ಹೊಸೆಯುವವಳಾದಳು.

ಮಳೆ ಬಿದ್ದು ಗಂಡ ಬಂದ ಮೇಲೂ ಹಿರಿಸೊಸೆ ಆ ಮನೆಯಲ್ಲಿ ಉಳಿಯಲಿಲ್ಲ. ಬೀದಿಯ ಕೊನೆಗೆ, ಕಂಬದ ಪಕ್ಕದ ಗುಡಿಸಲಲ್ಲಿ ಇದ್ದಳು. ತಪ್ಪಿಗೆ ಗುರಿಯಾದವರು ಸತ್ತುಹೋಗಿದ್ದರೆ, ಊರುಬಿಟ್ಟು ಹೋಗಿದ್ದರೆ, ಅವರ ಬದಲು ಹಗ್ಗದ ಮೇಲೆ ಅಂಗೈ ಇಟ್ಟು ನಿಲ್ಲುವುದು ಅವಳ ಕೆಲಸವಾಯಿತು. ಬೇರೆಯವರ ನಾಚಿಕೆಯೆಲ್ಲ ಅವಳ ಅಂಗೈಗೆ ಬಂದು ಬಡಿದು ತಿರುಗುತ್ತಿತ್ತು. ಅವಳು ಮತ್ತೆ ಯಾರ ಬಾಯಿಗೂ ತುತ್ತಿಡಲಿಲ್ಲ. ಕಿರಿಸೊಸೆ ಎದುರು ಸಿಕ್ಕಿದರೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಕಿರಿಸೊಸೆ ನಿಲ್ಲದೆ ಹೋಗುತ್ತಿದ್ದಳು.

ಕಾಲ ಹೋಯಿತು. ಹಿರಿಸೊಸೆಯ ಕೈಗೆ ಪಾರ್ಶ್ವವಾಯು ಬಡಿಯಿತು. ಮೊದಲು ಬಲಗೈ, ಆಮೇಲೆ ಎಡಗೈ. ಗುಡಿಸಲಲ್ಲಿ ಮಲಗಿದ್ದಳು, ಗೋಡೆಗೆ ಮುಖ ಮಾಡಿ. ಒಂದು ಸಂಜೆ ಬಾಗಿಲಲ್ಲಿ ಬಟ್ಟಲಿನ ಸದ್ದಾಯಿತು. ತಿರುಗಿ ನೋಡಿದರೆ ತಲೆ ನರೆತ ಕಿರಿಸೊಸೆ, ಕೈಯಲ್ಲಿ ಅಂಬಲಿ.

ಪಕ್ಕದಲ್ಲಿ ಕೂತಳು. ಒಂದು ಚಮಚ ತುಂಬಿ ಬಾಯಿಯ ಹತ್ತಿರ ತಂದವಳು ಅಲ್ಲಿಗೇ ತಡೆದಳು. ಊದಿದಳು. ತನ್ನ ತುಟಿಗೆ ತಾಗಿಸಿ ಬಿಸಿ ನೋಡಿದಳು. ಮತ್ತೆ ಊದಿದಳು.

"ತಾಳು ಅಕ್ಕಾ," ಅಂದಳು. "ನಿನ್ನ ನಾಲಗೆ ಸುಟ್ಟ ಮೇಲೆ ಹಗ್ಗ ಹಿಡಿಯೋಕೆ ನನ್ನ ಕಾಲಲ್ಲಿ ಅಷ್ಟು ದೂರ ನಡೆಯೋ ಶಕ್ತಿ ಇಲ್ಲ."

ಹಿರಿಸೊಸೆ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು.